ಹಾಲಿನ ಕೋಣೆ

ಬುಧವಾರ, ಬೆಳಗಿನ ಹೊತ್ತು

ಪ್ರೀತಿಯ ಅಮ್ಮ,

ನಿನಗೂ ಅಪ್ಪನಿಗೂ ನಮಸ್ಕಾರ. ಅಪ್ಪನ ಮಂಡಿನೋವು ಇಳಿದಿದೆ ಎಂದುಕೊಂಡಿದ್ದೇನೆ. ಇಳಿಯದಿದ್ದರೂ ಇಳಿದಿದೆ ಎಂದೇ ಅವರು ಹೇಳುತ್ತಾರೆ, ನೀನಾದರೂ ನಿಜ ಬರೆ.

ಮೊನ್ನೆ ನೀನು ಕೇಳಿದ ಮಾತಿಗೆ ಉತ್ತರ ಕೊಡದೆ ಫೋನು ಇಟ್ಟುಬಿಟ್ಟೆ. ಕೋಪದಿಂದಲ್ಲ. ಇಲ್ಲಿಯ ಪತ್ರಿಕೆಯಲ್ಲಿ ಕೆಲವು ತಿಂಗಳ ಹಿಂದೆ ಬಂದ ಚಿತ್ರವನ್ನು ಚಿಕ್ಕಮ್ಮ ನಿನಗೆ ಕಳಿಸಿದ್ದಾಳೆ. ಅದರಲ್ಲಿ ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದೇನೆ, ನನ್ನ ಹೆಗಲ ಮೇಲೆ ಒಂದು ಮಗು ನಿದ್ದೆ ಹೋಗಿದೆ. ಅದು ಯಾರ ಮಗುವೆಂದು ನೀನು ಕೇಳಿದೆ. ಎರಡು ಮಾತಿನಲ್ಲಿ ಮುಗಿಯುವಂಥದ್ದಾಗಿದ್ದರೆ ಅಲ್ಲೇ ಹೇಳಿಬಿಡುತ್ತಿದ್ದೆ. ಹೇಳಹೊರಟರೆ ನನ್ನ ಮಗುವಿನಿಂದಲೇ ಶುರುಮಾಡಬೇಕು. ಅದಕ್ಕೆ ಕಾಗದವೇ ಸರಿ. ನಡುವೆ ನಿಲ್ಲಿಸಿ ಒಂದಿಷ್ಟು ಹೊತ್ತು ಕಿಟಕಿಯಾಚೆ ನೋಡಿ ಬರಬಹುದು.

ಅವಳು ತಿಂಗಳು ತುಂಬುವ ಮೊದಲೇ ಬಂದಳು, ವಾರ ತುಂಬುವ ಮೊದಲೇ ಹೋದಳು. ಇಷ್ಟು ನಿನಗೆ ಗೊತ್ತು. ಆ ದಿನಗಳು ನನಗೆ ನೀರಿನ ತಳದಿಂದ ಮೇಲಕ್ಕೆ ನೋಡಿದ ಹಾಗೆ ನೆನಪಿವೆ. ಎಲ್ಲರ ಬಾಯಿ ಆಡುತ್ತಿತ್ತು, ಮಾತು ಮಾತ್ರ ತಡವಾಗಿ ಬಂದು ತಲುಪುತ್ತಿತ್ತು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವಳು ನಾನು. ಕಾಣದ್ದನ್ನು ಕಾಣುವ ಹಾಗೆ ಮಾಡುವುದೇ ನನ್ನ ಕಸುಬು. ಆದರೆ ಅವಳನ್ನು ಬೆಚ್ಚಗಿಟ್ಟಿದ್ದ ಆ ಗಾಜಿನ ಪೆಟ್ಟಿಗೆಯೊಳಗಿನ ಮುಖವನ್ನು ಒಮ್ಮೆಯೂ ಸರಿಯಾಗಿ ನೋಡಲಾಗಲಿಲ್ಲ. ಹತ್ತಿರ ಬಗ್ಗಿದರೆ ನನ್ನ ಉಸಿರೇ ಗಾಜಿಗೆ ಮಂಜು ಕಟ್ಟುತ್ತಿತ್ತು. ಒರೆಸುತ್ತಿದ್ದೆ, ಮತ್ತೆ ಕಟ್ಟುತ್ತಿತ್ತು.

ಅವಳು ಹೋದ ಮೇಲೆ ನನಗೆ ಜ್ವರ ಏರಿತು, ಡಾಕ್ಟರಮ್ಮ ಮನೆಗೆ ಬಿಡಲಿಲ್ಲ. ನೀನು ಫೋನು ಮಾಡಿ, ಎದೆಗೆ ಬಿಗಿಯಾಗಿ ಬಟ್ಟೆ ಸುತ್ತಿಕೋ, ಹಾಲು ತಾನಾಗಿ ಬತ್ತುತ್ತದೆ ಎಂದೆ. ಸುತ್ತಿಕೊಂಡೆ ಅಮ್ಮ. ನಿನ್ನ ಮಾತನ್ನು ಗಾಳಿಗೆ ತೂರಿದೆ ಎಂದುಕೊಳ್ಳಬೇಡ.

ಪಕ್ಕದ ಮಂಚದಲ್ಲಿ ಬೇರೆ ದೇಶದಿಂದ ಬಂದ ಒಬ್ಬಳಿದ್ದಳು. ತಟ್ಟೆಯಲ್ಲಿದ್ದದ್ದನ್ನು ಕುಕ್ಕಿ ಕುಕ್ಕಿ ತಿನ್ನುತ್ತಿದ್ದಳೆಂದು ಮನಸ್ಸಿನಲ್ಲೇ ಗುಬ್ಬಿ ಎಂದು ಹೆಸರಿಟ್ಟೆ. ಅವಳಿಗೆ ಅವಳಿ ಮಕ್ಕಳು, ಒಂದು ಗಂಡು, ಒಂದು ಹೆಣ್ಣು, ಎರಡೂ ಅದೇ ಗಾಜಿನ ಪೆಟ್ಟಿಗೆಗಳ ಕೋಣೆಯಲ್ಲಿ. ಮಂಚದ ಕಾಲಬಳಿ ಅವಳ ಅತ್ತೆ ಸ್ಟೂಲು ಹಾಕಿಕೊಂಡು, ಕೋಟೆ ಬಾಗಿಲು ಕಾಯುವವಳ ಹಾಗೆ ಕೂತಿರುತ್ತಿದ್ದಳು. ಅವರ ಮಾತು ನನಗೆ ಬಾರದು, ನನ್ನದು ಅವರಿಗೆ ಬಾರದು. ವಾರ್ಡಿನಲ್ಲಿ ಊಟ ಹಂಚುವವಳಿಗೆ ಎರಡೂ ಬರುತ್ತಿತ್ತು. ತಟ್ಟೆ ಇಡುತ್ತಾ ಆ ಮಂಚದ ಸುದ್ದಿಯನ್ನು ಈ ಮಂಚಕ್ಕೆ ದಾಟಿಸುತ್ತಿದ್ದಳು.

ಹೆರಿಗೆಯಲ್ಲಿ ಬಹಳ ರಕ್ತ ಹೋಗಿ ಗುಬ್ಬಿ ಬಿಳಚಿಕೊಂಡಿದ್ದಳು. ಎದೆಯಲ್ಲಿ ಹಾಲಿಳಿಯಲಿಲ್ಲ. ಡಬ್ಬಿಯ ಹಾಲು ಆ ಅಂಗೈಯಗಲದ ಮಕ್ಕಳಿಗೆ ಒಗ್ಗದೆ ಹೊಟ್ಟೆ ಉಬ್ಬರಿಸುತ್ತಿತ್ತು. ಒಂದು ಮಧ್ಯಾಹ್ನ ನರ್ಸ್ ಹೆಣ್ಣುಮಗುವನ್ನು ತಾಯಿಗೆ ತೋರಿಸಲೆಂದು ಎತ್ತಿಕೊಂಡು ನನ್ನ ಮಂಚದ ಪಕ್ಕದಲ್ಲೇ ಹೋದಳು. ಮಗು ಅತ್ತಿತು. ಅಳುವೆಂದರೆ ಅಳುವೂ ಅಲ್ಲ, ಬೆಕ್ಕಿನ ಮರಿಯ ದನಿ. ನೋಡುತ್ತಿದ್ದಂತೆ ಸುತ್ತಿದ್ದ ಬಟ್ಟೆಯೆಲ್ಲ ಒದ್ದೆಯಾಯಿತು. ಹೊಟ್ಟೆಗೆ ಗೊತ್ತಿತ್ತು, ತಲೆಗೆ ಗೊತ್ತಿತ್ತು, ಎದೆಗೆ ಮಾತ್ರ ಯಾರೂ ಹೇಳಿರಲಿಲ್ಲ ಅಮ್ಮ, ನನ್ನ ಮಗು ಇಲ್ಲವೆಂದು.

ಬಟ್ಟೆ ಬಿಚ್ಚಿದೆ. ಡಾಕ್ಟರಮ್ಮನನ್ನು ಕರೆದು, ಈ ಹಾಲು ಆ ಮಕ್ಕಳಿಗೆ ಆಗುತ್ತದೆಯೇ ಎಂದು ಕೇಳಿದೆ. ಅವಳು ಕನ್ನಡಕ ತೆಗೆದು ನನ್ನನ್ನೇ ನೋಡಿದಳು. ರಕ್ತ ಪರೀಕ್ಷೆ ಆಗಬೇಕು, ಜ್ವರ ಇಳಿಯಬೇಕು, ಹಾಲನ್ನು ಹದವಾಗಿ ಬಿಸಿಮಾಡಿ ಕೊಡಬೇಕು, ಎಲ್ಲಕ್ಕಿಂತ ಮೊದಲು ಅವರ ಮನೆಯವರು ಒಪ್ಪಬೇಕು ಎಂದಳು.

ಉಳಿದದ್ದೆಲ್ಲ ಆಯಿತು, ಅತ್ತೆ ಒಪ್ಪಲಿಲ್ಲ. ಊಟ ಹಂಚುವವಳು ಆ ಮುದುಕಿಯ ಮಾತನ್ನು ನನಗೆ ಹೇಳಲು ಹಿಂದೆಮುಂದೆ ನೋಡಿದಳು. ನಾನೇ ಒತ್ತಾಯ ಮಾಡಿದೆ.

"ಮಗುನ ಕಳ್ಕೊಂಡೋಳ ಹಾಲಂತೆ. ಅದರಲ್ಲಿ ಅಳು ಬೆರೆತಿರುತ್ತಂತೆ" ಎಂದಳು.

ನನಗೆ ಸಿಟ್ಟು ಬರಲಿಲ್ಲ. ಮುದುಕಿ ಹೇಳಿದ್ದು ನಿಜವಿರಬಹುದೆಂದೇ ಅನಿಸಿತು. ಗೋಡೆ ಕಡೆ ತಿರುಗಿ ಮಲಗಿದೆ. ಆಗ ಗುಬ್ಬಿ ಎದ್ದು ಕೂತಳು. ಅತ್ತೆಯ ಮುಂದೆ ಅವಳು ದನಿ ಎತ್ತಿದ್ದನ್ನು ವಾರ್ಡಿನಲ್ಲಿ ಯಾರೂ ಕೇಳಿರಲಿಲ್ಲ. ಅಂದೂ ಎತ್ತಲಿಲ್ಲ, ಮೆಲ್ಲಗೇ ಹೇಳಿದಳು, ಊಟ ಹಂಚುವವಳು ನನಗೆ ದಾಟಿಸಿದಳು.

"ಹಸಿದಿರೋದು ನನ್ನ ಮಕ್ಕಳು. ಹೂಂ ಅನ್ನೋದೂ ನಾನೇ."

ಮುದುಕಿ ಸ್ಟೂಲನ್ನು ಎತ್ತಿಕೊಂಡು ಹೊರಗೆ ಹೋಗಿ ಕಾರಿಡಾರಿನಲ್ಲಿ ಕೂತಳು. ಕೋಟೆ ಬಿತ್ತು, ಆದರೆ ಕಾವಲು ಬಿಡಲಿಲ್ಲ.

ನನ್ನ ಹಾಲು ಸಣ್ಣ ಕೊಳವೆಯಲ್ಲಿ ಹನಿಹನಿಯಾಗಿ ಆ ಮಕ್ಕಳ ಹೊಟ್ಟೆ ಸೇರತೊಡಗಿತು. ಉಬ್ಬರ ಇಳಿಯಿತು. ನನ್ನ ಜ್ವರ ಬಿಟ್ಟಿದ್ದರೂ ನಿತ್ರಾಣ ಹೋಗಿಲ್ಲವೆಂದು ಡಾಕ್ಟರಮ್ಮ ಇನ್ನೂ ಕೆಲವು ವಾರ ವಾರ್ಡಿನಲ್ಲೇ ಉಳಿಸಿಕೊಂಡಳು. ಆಮೇಲೆ ಕೆನ್ನೆ ಕಂಡಿತು, ಮೊಣಕೈಯಲ್ಲಿ ಒಂದು ಗೆರೆ ಕಂಡಿತು. ಒಂದು ಬೆಳಿಗ್ಗೆ ಎಚ್ಚರವಾದಾಗ ಯಾರೋ ನನ್ನ ಸಿಕ್ಕುಗಟ್ಟಿದ ತಲೆ ಬಾಚುತ್ತಿದ್ದರು. ಮುದುಕಿ. ಎಳೆದಾಗ ನನಗೆ ನೋವಾಯಿತು. ಜಡೆ ಹೆಣೆದು ಬೆನ್ನಿಗೊಂದು ಗುದ್ದು ಕೊಟ್ಟು ಹೋದಳು. ಅಮ್ಮ, ನೀನೂ ಹಾಗೇ ಮಾಡುತ್ತಿದ್ದೆಯಲ್ಲ.

ಇನ್ನು ಹೇಳಲು ಕಷ್ಟವಾದ ಮಾತು. ನನಗೊಂದು ಕನಸು ಬೀಳುತ್ತಿತ್ತು. ಉದ್ದನೆಯ ಕಾರಿಡಾರು, ನೆಲದ ಮೇಲೆ ಪಾದ ಮುಳುಗುವಷ್ಟು ಬೆಚ್ಚಗಿನ ಹಾಲು. ಆ ಹೆಣ್ಣುಮಗುವನ್ನು ಎತ್ತಿಕೊಂಡು ನಡೆಯುತ್ತಿದ್ದೇನೆ. ಬಾಗಿಲುಗಳೆಲ್ಲ ತೆರೆದಿವೆ, ಯಾರೂ ತಡೆಯುವುದಿಲ್ಲ. ಹೊರಗೆ ಬಂದರೆ ಊರು ಖಾಲಿ, ನಾವಿಬ್ಬರೇ. ಎಂಥ ಸುಖದ ಕನಸು ಗೊತ್ತಾ? ಎದ್ದ ಮೇಲೆ ಭಯವಾಗುತ್ತಿತ್ತು. ಹಾಲು ಕೊಡುತ್ತೇನೆ, ಮಕ್ಕಳನ್ನು ನೋಡುವುದಿಲ್ಲ ಎಂದು ತೀರ್ಮಾನಿಸಿದೆ. ಮಕ್ಕಳು ಪೆಟ್ಟಿಗೆಯಿಂದ ತಾಯಿಯ ಮಂಚಕ್ಕೆ ಬಂದ ದಿನ ನಾನು ಮುಸುಕು ಹೊದ್ದು ಮಲಗಿದ್ದೆ. ಗುಬ್ಬಿ ಊಟ ಹಂಚುವವಳನ್ನು ಕರೆದು ಕಾರಣ ಕೇಳಿಸಿದಳು. ನಾನು ಕನಸನ್ನು ಹೇಳಿಬಿಟ್ಟೆ. ಕೇಳಿ ಅವಳು ಮಕ್ಕಳನ್ನು ಬಚ್ಚಿಟ್ಟುಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅವಳು ಕಷ್ಟಪಟ್ಟು ಮಂಚದಿಂದಿಳಿದು ಬಂದು ಹುಡುಗಿಯನ್ನು ನನ್ನ ಮಡಿಲಲ್ಲಿ ಇಟ್ಟಳು.

"ನಿನ್ನ ಹತ್ರ ಇದ್ದ ಮಾತ್ರಕ್ಕೆ ನನ್ನ ಮಗಳಲ್ಲದೆ ಹೋಗ್ತಾಳಾ?"

ಆಮೇಲೆ ಆ ಕನಸು ಬೀಳಲಿಲ್ಲ.

ಚಿತ್ರದ ಕಥೆ ಇನ್ನೂ ಉಳಿದಿದೆ. ಗಾಜಿನ ಕೋಣೆಯಲ್ಲಿ ಹಾಲಿಲ್ಲದ ಮಕ್ಕಳು ಇನ್ನೂ ಇದ್ದವು. ವಾರ್ಡಿನಲ್ಲಿ ಹಾಲು ಹೆಚ್ಚಾದ ತಾಯಂದಿರೂ ಇದ್ದರು. ಒಂದು ಕಡೆ ಕೊರತೆ, ಇನ್ನೊಂದು ಕಡೆ ಸಿಂಕಿಗೆ ಸುರಿಯುವುದು. ಬ್ರೆಡ್ಡು ಸುಡುವವಳು, ಬಸ್ಸಿನ ಕಂಡಕ್ಟರು, ಸಂಗೀತದ ಮೇಷ್ಟರ ಹೆಂಡತಿ, ಹೀಗೆ ಒಬ್ಬೊಬ್ಬರಾಗಿ ತಾವೂ ಕೊಡುತ್ತೇವೆ ಎಂದರು. ಒಬ್ಬೊಬ್ಬರದು ಒಂದೊಂದು ನಾಡು, ಒಂದೊಂದು ದೇವರು, ಒಂದೊಂದು ಜೋಗುಳ. ಹಾಲಿನ ಬಣ್ಣ ಮಾತ್ರ ಒಂದೇ ಎಂದು ಬರೆಯಲು ಹೊರಟಿದ್ದೆ, ಅದೂ ನಿಜವಲ್ಲ: ಕೆಲವರದು ತುಸು ಹಳದಿ, ಕಂಡಕ್ಟರಮ್ಮನದು ನೀಲಿಗೆ ತಿರುಗಿದ ಬಿಳಿ. ಅವಳು ಅದಕ್ಕೂ ನಗುತ್ತಿದ್ದಳು, ತನ್ನ ನೀಲಿ ಬಸ್ಸಿನ ಬಣ್ಣ ಹಾಲಿಗೆ ಇಳಿದಿದೆ ಎಂದು.

ಆಸ್ಪತ್ರೆಯ ಮೇಲಧಿಕಾರಿ ಒಪ್ಪಲಿಲ್ಲ. ಮನೆಗೆ ಹೋದವರಿಂದ ಹಾಲು ತರಿಸುವ ಪದ್ಧತಿ ಇಲ್ಲ, ಅದನ್ನು ಕಾಪಿಡಲು ಜಾಗವೂ ಇಲ್ಲ ಎಂದ. ಡಾಕ್ಟರಮ್ಮ ವಾದಿಸಿ ಸೋತಳು. ನಾನು ಬಿಡುಗಡೆಯಾದ ದಿನ ಸಾಮಾನು ಕಟ್ಟಿಕೊಂಡು ಹೊರಟವಳು, ಮುಂಬಾಗಿಲ ಮೆಟ್ಟಿಲಿಳಿಯಲಾಗದೆ ಅಲ್ಲೇ ಕೂತುಬಿಟ್ಟೆ. ಹೋರಾಟ ಮಾಡಬೇಕೆಂದು ಕೂತದ್ದಲ್ಲ ಅಮ್ಮ, ಕಾಲು ಬರಲಿಲ್ಲ. ಗುಬ್ಬಿ ಬಂದು ಪಕ್ಕದಲ್ಲಿ ಕೂತಳು. ಮುದುಕಿ ಸ್ಟೂಲು ತಂದಳು. ಸಂಜೆಯ ಹೊತ್ತಿಗೆ ಮೆಟ್ಟಿಲ ತುಂಬ ತಾಯಂದಿರು, ತೊಡೆ ತುಂಬ ಮಕ್ಕಳು. ಘೋಷಣೆ ಕೂಗೋಣವೆಂದರೆ ಮಕ್ಕಳು ಏಳುತ್ತವೆ, ಹಾಗಾಗಿ ಯಾರೂ ಕೂಗಲಿಲ್ಲ. ಒಬ್ಬಳು ಜೋಗುಳ ಗುನುಗಿದಳು, ಇನ್ನೊಬ್ಬಳು ತನ್ನದನ್ನು ಸೇರಿಸಿದಳು. ಬೀದಿಯಲ್ಲಿ ಹೋಗುವವರು ಚಪ್ಪಲಿ ಸದ್ದು ಕಡಿಮೆ ಮಾಡಿ ನಡೆದರು. ಪತ್ರಿಕೆಯವನು ಚಿತ್ರ ತೆಗೆದದ್ದು ಆಗಲೇ. ನನ್ನ ಹೆಗಲ ಮೇಲಿದ್ದದ್ದು ಗುಬ್ಬಿಯ ಮಗಳು.

ಮೇಲಧಿಕಾರಿ ಇಳಿದು ಬಂದು ಜಾಗವಿಲ್ಲವೆಂಬುದನ್ನೇ ಮತ್ತೆ ಹೇಳಿದ. ಊಟ ಹಂಚುವವಳ ಮೂಲಕ ಮುದುಕಿ ಉತ್ತರ ಕೊಟ್ಟಳು. "ನಿಮ್ಮ ಕಾರು ನಿಲ್ಲಿಸೋ ಜಾಗದಲ್ಲಿ ನನ್ನ ಇಡೀ ಸಂಸಾರ ಮಲಗುತ್ತೆ. ಬೇಕಾದ್ರೆ ಮಲಗಿ ತೋರಿಸ್ತೀನಿ."

ಅವನಿಗೂ ನಗು ತಡೆಯಲಾಗಲಿಲ್ಲ. ಮರುದಿನ ಬೆಳಗಾದರೆ ಪತ್ರಿಕೆಯಲ್ಲಿ ಚಿತ್ರ. ನಕ್ಕದ್ದರಿಂದಲೋ ಚಿತ್ರದಿಂದಲೋ ಗೊತ್ತಿಲ್ಲ, ಹಳೆಯ ಎಕ್ಸ್‌ರೇ ಕೋಣೆಯನ್ನು ನಮಗೆ ಬಿಟ್ಟುಕೊಟ್ಟರು. ಈಗ ಅಲ್ಲಿ ಹಾಲು ಬಿಸಿಮಾಡುವ ಯಂತ್ರವಿದೆ, ಫ್ರೀಜರಿದೆ, ಒರಗು ಕುರ್ಚಿಗಳಿವೆ. ಅಂಗಡಿಯ ಕೆಲಸ ಮುಗಿಸಿ ನಾನೂ ಅಲ್ಲಿಗೆ ಹೋಗುತ್ತೇನೆ. ಕಣ್ಣು ಮುಚ್ಚಿ ಕುರ್ಚಿಗೆ ಒರಗಿದರೆ, ಅಕ್ಕಪಕ್ಕದ ಅರ್ಥವಾಗದ ಮಾತುಗಳೆಲ್ಲ ದೂರದ ಹೊಳೆಯಂತೆ ಕೇಳುತ್ತವೆ.

ಹೋದ ವಾರ ಗುಬ್ಬಿಯ ಸಂಸಾರ ತನ್ನ ದೇಶಕ್ಕೆ ಹೊರಟಿತು. ನಿಲ್ದಾಣಕ್ಕೆ ಹೋಗಿದ್ದೆ. ಹುಡುಗಿ ಈಗ ಗುಂಡಗಾಗಿದ್ದಾಳೆ. ನಾನು ಎತ್ತಿಕೊಂಡಾಗ ನನ್ನ ಮುಖ ದಿಟ್ಟಿಸಿ, ತುಟಿ ಸೊಟ್ಟ ಮಾಡಿ, ತಾಯಿಯ ಕಡೆ ಕೈ ಚಾಚಿದಳು. ಕೊಟ್ಟೆ. ಎದೆ ಹಗುರವಾಯಿತೋ ಭಾರವಾಯಿತೋ ಹೇಳಲಾರೆ. ಎರಡಕ್ಕೂ ಒಂದೇ ಹೆಸರಿರಬೇಕಿತ್ತು ಅನಿಸಿತು.

ಊರಿಗೆ ಬಂದುಬಿಡು ಎನ್ನುತ್ತೀಯ. ಸದ್ಯಕ್ಕೆ ಬರಲಾರೆ ಅಮ್ಮ, ಮೊನ್ನೆ ಇನ್ನೊಂದು ಮಗು ಗಾಜಿನ ಪೆಟ್ಟಿಗೆಗೆ ಬಂದಿದೆ. ಅಪ್ಪನಿಗೆ ಈ ಕಾಗದ ಓದಿ ಹೇಳು. ನಾಚಿಕೊಳ್ಳುವ ಜಾಗ ಬಂದರೆ ದಾಟಿಸಿ ಓದು.

ಇಂತು ನಿನ್ನ ಕೈಯಲ್ಲಿ ಜಡೆ ಹೆಣೆಸಿಕೊಂಡು ಬೆಳೆದವಳು,
ನಿನ್ನ ಮಗಳು

ಮರೆತ ಮಾತು: ಮರೆತದ್ದಲ್ಲ, ಬರೆಯಲು ಹೆದರಿದ್ದು. ಇಷ್ಟುದ್ದದ ಕಾಗದದಲ್ಲಿ ಅಳಿಯನ ಸುದ್ದಿಯೇ ಇಲ್ಲವೆಂದು ನೀನು ಹಿಂದಿನ ಪುಟ ತಿರುವುತ್ತಿರುತ್ತೀಯ. ಮಗು ಹೋದ ಮೇಲೆ ಅವರು ಮನೆಯಲ್ಲಿ ನಿಲ್ಲಲಾಗದೆ ಅವರ ತಮ್ಮನ ಮನೆಯಲ್ಲಿದ್ದರು. ನಾನು ಕರೆಯಲಿಲ್ಲ, ಅವರು ಬರಲಿಲ್ಲ. ಜೊತೆಯಲ್ಲೇ ಇದ್ದೇವೆ ಎಂದು ನಿನಗೆ ಫೋನಿನಲ್ಲಿ ಸುಳ್ಳು ಹೇಳುತ್ತಿದ್ದೆ. ನಿನ್ನೆ ಸಂಜೆ ಹಾಲಿನ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತಿದ್ದರು. ನಾನು ಹೊರಗೆ ಬಂದಾಗ, "ನೋಯುತ್ತಾ?" ಎಂದು ಕೇಳಿದರು. ಇಷ್ಟು ದಿನ ಯಾರೂ ಕೇಳದಿದ್ದದ್ದು. ಹೂಂ ಎಂದೆ. ತಮಗೂ ಎಂದರು. ನಡೆದೇ ಮನೆಗೆ ಬಂದೆವು. ದಾರಿಯಲ್ಲಿ, ಅವಳಿಗೆಂದು ನಾವು ಆರಿಸಿಟ್ಟಿದ್ದ ಹೆಸರನ್ನು ಅವರು ಮೊದಲ ಸಲ ಬಾಯಿಬಿಟ್ಟು ಹೇಳಿದರು. ಈಗ ಒಳಗೆ ಮಲಗಿದ್ದಾರೆ. ಹೊತ್ತೇರಿದೆ, ಎಬ್ಬಿಸಲು ಮನಸ್ಸಿಲ್ಲ.