ಐದು ಗಂಟೆ ಮೇಲಿನ ಮೀನು

ನವೆಂಬರ್ 5, ಮಂಗಳವಾರ

ಇವತ್ತೂ ಮೀನಿನ ಶೆಡ್ಡಿಂದ ಬಿಡುವಾಗ ಏಳೂವರೆ ಆಯ್ತು. ಐದಕ್ಕೆ ಸಾಲಾಗಿ ನಿಲ್ಲಿಸಿ ಹೆಬ್ಬೆಟ್ಟು ಒತ್ತಿಸಿದರು. ಮೆಷಿನ್ ಪ್ರಕಾರ ಎಲ್ಲರೂ ಮನೆಗೆ ಹೋದೆವು. ನಿಜ ಏನಂದ್ರೆ ಮತ್ತೆ ಒಳಗೆ ಹೋಗಿ ಚಟ್ಲಿ ಸುಲಿಯುತ್ತಾ ಕೂತೆವು. ಈ ಸಿಗಡಿ ಸಿಪ್ಪೆ ಸುಲಿದು ಸುಲಿದು ನನ್ನ ಬೆರಳಿನ ಗೆರೆಯೇ ಸವೆದಿದೆ. ಮೆಷಿನ್ ನನ್ನನ್ನು ಬೇಗ ಗುರುತಿಸಲ್ಲ. ಧಣಿಗೆ ಮಾತ್ರ ಚೆನ್ನಾಗಿ ಗುರುತು.

ಹೊರಡುವಾಗ ಲೀಲಾಧರಣ್ಣ ಗೇಟಲ್ಲಿ. ಶೆಡ್ಡು ಅವನದ್ದು, ಉಪ್ಪುಂದದ ಎರಡು ಬೋಟು ಅವನದ್ದು. ಒಬ್ಬೊಬ್ಬರ ಕೈಗೆ ಒಂದೊಂದು ಪ್ಲಾಸ್ಟಿಕ್ ತೊಟ್ಟೆ ಬಂಗ್ಡಿ ಮೀನು.

"ನಮ್ ಶೆಡ್ಡಿಂದ ಬರಿಗೈಯಗ್ ಯಾರೂ ಹೋಪುಕಾಗ, ಹಾಂ."

ಎಲ್ಲರಿಗೂ ಖುಷಿ. ನನಗೆ ಸೊಂಟ ನೋವು.

ನವೆಂಬರ್ 7, ಗುರುವಾರ

ಏಪ್ರನ್ ನೇತು ಹಾಕುವ ಗೋಡೆಯಲ್ಲಿ ಒಂದು ಬೋರ್ಡು ಇದೆ. ಇನ್‌ಸ್ಪೆಕ್ಷನ್ನಿಗೆ ಅಂತ ಹಾಕಿದ್ದು. ಅದರ ಮೇಲೆ ಯಾವಾಗಲೂ ಒದ್ದೆ ಏಪ್ರನ್. ಇವತ್ತು ಸರಿಸಿ ಓದಿದೆ. ಕನ್ನಡದಲ್ಲೇ ಇದೆ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದೇನೆ, ಅಕ್ಷರ ಬಿಟ್ಟಿಲ್ಲ. ಹೊತ್ತು ಮೀರಿ ದುಡಿಸಿದರೆ ಎರಡು ಪಟ್ಟು ಕೂಲಿ.

ಸೀದಾ ಹೋಗಿ ಕೇಳಿದೆ. "ಲೀಲಾಧರಣ್ಣ, ಐದ್ ಗಂಟಿ ಮೇಲ್ ನಿಂತ್ರೆ ಡಬಲ್ ಕೊಡ್ಕಂಬ್ರಲೆ. ಬೋರ್ಡಂಗೇ ಇತ್ತ್."

"ಹೌದಾ ಹೆಣೆ? ಹಾಂಗಾರೆ ಬೋರ್ಡ್ ಹತ್ರವೇ ಬಂಗ್ಡಿ ಕೇಣ್ ಇವತ್ತ್."

ಎಲ್ಲರೂ ನಕ್ಕರು. ಪಕ್ಕದ ಮನೆಯ ಅಕ್ಕು ಚಿಕ್ಕಿ, ನನ್ನ ಜೊತೆ ಒಂದೇ ಟೇಬಲ್ಲಿಗೆ ಕೂರುವವಳು, ಅವಳೂ ನಕ್ಕಳು.

ಸಂಜೆ ತೊಟ್ಟೆ ಮುಟ್ಟಲಿಲ್ಲ. ಮನೆಗೆ ಬಂದರೆ ಅಮ್ಮನಿಗೆ ಆಗಲೇ ಸುದ್ದಿ.

"ಮೀನ್ ಬಿಟ್ಟಿಕ್ಕಿ ಬಂದ್ಯಂಬ್ರ್? ತಲಿ ಸಮ ಇತ್ತಾ ನಿಂಗೆ? ಕೈರಂಪಣಿ ಹಗ್ಗಕ್ಕ್ ಕೈ ಹಾಕ್ದವ್ರಿಗೆಲ್ಲ ಪಾಲ್ ಕೊಡುದ್ ನಮ್ಮ್ ಮರ್ಯಾದಿ. ಪಾಲ್ ತಕಂಡ್ ಮೇಲ್ ಯಾರಾರೂ ಕೂಲಿ ಕೇಂತ್ರಾ?"

"ಅದ್ ಊರೆಲ್ಲ ಸೇರಿ ದಡಕ್ಕ್ ಎಳೆವ ಬಲಿ, ಅಮ್ಮ. ಸಮುದ್ರ ಯಾರಪ್ಪಂದೂ ಅಲ್ಲ. ಇದ್ ಶೆಡ್ಡ್. ಚಟ್ಲಿ ದುಬೈಗ್ ಹೋತ್ತ್, ದುಡ್ಡ್ ಅವ್ನ್ ಬ್ಯಾಂಕಿಗ್ ಹೋತ್ತ್. ನಮ್ಗ್ ಬಂಗ್ಡಿಯಾ?"

"ಬಾಯ್ ಮುಚ್ಚ್. ನಾಳೆ ಬೆಳಿಗ್ಗೆ ನಾ ಅವ್ನ್ ಬೋಟಿಂದವೇ ಮೀನ್ ಎತ್ತುಕ್."

ಅದೂ ನಿಜ. ಅಮ್ಮ ಬೆಳಿಗ್ಗೆ ಅವನ ಬೋಟಿನ ಮೀನು ಸಾಲಕ್ಕೆ ತಗೊಂಡು, ನಾವುಂದದಲ್ಲಿ ಮನೆ ಮನೆಗೆ ಮಾರಿ, ಸಂಜೆ ದುಡ್ಡು ಕೊಡ್ತಾಳೆ. ಆ ಬುಟ್ಟಿಯೂ ಅವನ ಕೈಯಲ್ಲೇ.

ನವೆಂಬರ್ 12, ಮಂಗಳವಾರ

ಹೊಟ್ಟೆನೋವು ಅಂತ ರಜೆ ಹಾಕಿ ಕುಂದಾಪುರಕ್ಕೆ ಹೋದೆ. ಲೇಬರ್ ಆಫೀಸು. ಶ್ರೀಲತಾ ಮೇಡಂ ಅಂತ ಇದ್ದಾರೆ. ಕೂರು ಅಂದರು. ಸರ್ಕಾರಿ ಆಫೀಸಲ್ಲಿ ನನಗೆ ಯಾರೂ ಹಾಗೆ ಹೇಳಿದ್ದಿಲ್ಲ. ಬೋರ್ಡಲ್ಲಿ ಇದ್ದದ್ದು ಸುಳ್ಳಲ್ಲವಂತೆ. ಅರ್ಜಿ ಬರೆಸಿಕೊಂಡರು.

ಆದರೆ — "ಮೆಷಿನ್‌ನಲ್ಲಿ ಐದು ಗಂಟೆ ಅಂತ ಇರುತ್ತಲ್ಲಮ್ಮ. ಐದರ ಮೇಲೆ ದುಡಿದದ್ದು ನೋಡಿದವರು ಯಾರಾದ್ರೂ ಬಂದು ಹೇಳ್ತಾರಾ?"

ಬರ್ತಾರೆ ಅಂದೆ. ದೊಡ್ಡದಾಗಿ.

ನವೆಂಬರ್ 13

ಅಕ್ಕು ಚಿಕ್ಕಿ ಹತ್ರ ಕೇಳಿದೆ.

"ನಾ ಎಲ್ಲಿಗೂ ಬತ್ತಿಲ್ಲೆ ಮಾರಾಯ್ತಿ. ಅಷ್ಟ್ ದಿನ ಅವ್ನ್ ಮೀನ್ ತಿಂದಿಕ್ಕಿ, ಈಗ ಆಫೀಸಂಗ್ ಹೋಯಿ ಎಂತ ಹೇಳುದ್? ನಾಚ್ಕಿ ಆತಿಲ್ಯಾ?"

"ಅವ್ನಿಗ್ ಆತಿಲ್ಲೆ ಅಲ್ದಾ!"

ಬಾಗಿಲು ಹಾಕಿಕೊಂಡಳು. ಬೇರೆಯವರ ಕಥೆಯೂ ಅದೇ. ಹೊಡೆತಕ್ಕೆ ಹೆದರಿದರೆ ಅರ್ಥ ಆಗತ್ತೆ. ಇವರು ಹೆದರುವುದು ಎರಡು ಬಂಗ್ಡಿಯ ಋಣಕ್ಕೆ.

ಡಿಸೆಂಬರ್ 4, ಬುಧವಾರ

ಬರೆಯುವ ಮನಸ್ಸಿರಲಿಲ್ಲ ಇಷ್ಟು ದಿನ.

ಲೇಬರ್ ಆಫೀಸಿನ ನೋಟಿಸು ಲೀಲಾಧರಣ್ಣನಿಗೆ ಮುಟ್ಟಿತು. ನಾಳೆಯಿಂದ ಬರಬೇಡ ಅಂದ. ಸರಿ. ಮರುದಿನ ಬೋಟು ನಿಲ್ಲುವ ದಕ್ಕೆಯಲ್ಲಿ ಅಮ್ಮನ ಬುಟ್ಟಿಯನ್ನು ಕಾಲಲ್ಲಿ ಆಚೆ ಸರಿಸಿದನಂತೆ. "ಮೀನ್ ಬೇಕಾರೆ ಲೇಬರ್ ಆಫೀಸಂಗ್ ಕೇಣಿ ಜಲಜಕ್ಕ."

ಈಗ ಅಮ್ಮ ಮೊದಲ ಬಸ್ಸು ಹಿಡಿದು ಗಂಗೊಳ್ಳಿಗೆ ಹೋಗ್ತಾಳೆ. ರೊಕ್ಕ ಕೊಟ್ಟು ಮೀನು. ಬುಟ್ಟಿ ಅರ್ಧ. ನನ್ನ ಜೊತೆ ಮಾತಿಲ್ಲ, ಅನ್ನ ಬಡಿಸ್ತಾಳೆ ಅಷ್ಟೆ. ತಪ್ಪಾಯ್ತು ಅಂದರೆ ಎಲ್ಲ ಸರಿ ಆಗತ್ತೆ ಅಂತ ಗೊತ್ತು.

ಅನ್ನಲ್ಲ.

ಜನವರಿ 8, ಬುಧವಾರ

 

ಇವತ್ತು ಲೇಬರ್ ಆಫೀಸಲ್ಲಿ ವಿಚಾರಣೆ. ಲೀಲಾಧರಣ್ಣ ಬಿಳಿ ಶರ್ಟು, ಪಕ್ಕದಲ್ಲಿ ವಕೀಲ. ನನ್ನ ಪಕ್ಕದ ಕುರ್ಚಿ ಖಾಲಿ. ವಕೀಲ ಮೆಷಿನ್ನಿನ ಕಾಗದ ಹರಡಿದ. ಎಲ್ಲರೂ ಐದಕ್ಕೆ ಹೊರಗೆ. ಓವರ್‌ಟೈಮ್ ಅನ್ನುವುದೇ ನಮ್ಮಲ್ಲಿ ಇಲ್ಲ ಮೇಡಂ. ಹುಡುಗಿಯ ತಲೆ ಯಾರೋ ಕೆಡಿಸಿದ್ದಾರೆ, ಅಂದ.

ಮೇಡಂ ನನ್ನ ಕಡೆ ನೋಡಿದರು. "ನಿನ್ನ ಕಡೆಯಿಂದ ಯಾರೂ ಬರ್ಲಿಲ್ವಾ?"

ಯಾರೂ ಇಲ್ಲ. ಲೀಲಾಧರಣ್ಣ ನಗ್ತಾ ಇದ್ದ. ಆ ನಗು ನೋಡಿ ತಡೆಯಲಿಲ್ಲ. ಎದ್ದು ನಿಂತೆ.

"ನಿಮ್ಮ್ ಅಪ್ಪಯ್ಯನ್ ಬಲಿ ಎಳ್ದವ್ರಿಗೆ ಪಾಲಾರೂ ಸಿಕ್ತಿತ್ತಂಬ್ರ್. ನೀವ್ ದುಡ್ಸಿ ದುಡ್ಸಿ ಬರಿಗೈಯಗ್ ಓಡ್ಸ್ದವ್ರ್!"

ಯೋಚಿಸಿ ಹೇಳಿದ್ದಲ್ಲ. ನೋಯಿಸಬೇಕಿತ್ತು, ಬಾಯಿಗೆ ಬಂದದ್ದು ಅಂದೆ. ಅವನ ಮುಖ ಕೆಂಪು. ಕುರ್ಚಿ ಹಿಂದೆ ಬಿತ್ತು.

"ಎಂತ ಹೇಳ್ದೆ? ಬರಿಗೈಯಗಾ? ನಾನಾ? ಮೇಡಂ, ಇವ್ಳ್ ಹೇಳುದ್ ಸುಳ್ಳ್! ಏಳ್ ಗಂಟಿ ಆಯ್ಲಿ, ಎಂಟ್ ಗಂಟಿ ಆಯ್ಲಿ, ನಿಂತ್ ಕೆಲ್ಸ ಮಾಡ್ದವ್ರಿಗೆಲ್ಲ ಗೇಟಂಗ್ ನಾನೇ ಮೀನ್ ಕೊಟ್ಟ್ ಕಳ್ಸಿದ್ದೆ! ಒಂದ್ ದಿನ ತಪ್ಪ್ಲಿಲ್ಲೆ! ಊರಂಗ್ ಯಾರ್ ಹತ್ರ ಬೇಕಾರೂ ಕೇಣಿ!"

ವಕೀಲ ಅವನ ತೋಳು ಎಳೆದ. ತಡ ಆಯ್ತು.

ಮೇಡಂ ಬರೆಯುವುದು ನಿಲ್ಲಿಸಲೇ ಇಲ್ಲ. ತಲೆ ಎತ್ತದೆ ಕೇಳಿದರು. "ಎಂಟು ಗಂಟೆ ತನಕವೂ ಕೆಲಸ ಇರ್ತಿತ್ತು ಅನ್ನಿ."

ಅವನು ಬಿದ್ದ ಕುರ್ಚಿ ಎತ್ತಿ ಇಟ್ಟ.

"ಮೀನು ಸಂಬಳ ಆಗಲ್ಲ ಲೀಲಾಧರ್ ಅವರೇ. ಸಂಬಳ ದುಡ್ಡಲ್ಲೇ ಕೊಡ್ಬೇಕು." ಆಮೇಲೆ ನನಗೆ — ಉಳಿದವರೂ ಅರ್ಜಿ ಕೊಡಬಹುದು, ಹೇಳು ಅವರಿಗೆ.

ಬಸ್ಸಲ್ಲಿ ಒಬ್ಬಳೇ ನಕ್ಕೆ. ಕಂಡಕ್ಟರ್ ಹುಚ್ಚಿ ಅಂದುಕೊಂಡಿರಬೇಕು.

ಜನವರಿ 10, ಶುಕ್ರವಾರ

ಬಂದ. ಲೀಲಾಧರಣ್ಣ ಮನೆಗೇ ಬಂದ. ಕೈಯಲ್ಲಿ ದುಡ್ಡಿನ ಕವರು, ಜಗಲಿಯಲ್ಲಿ ಇಟ್ಟದ್ದು ಒಂದು ಬಾಕ್ಸ್ ದುಬಾರಿ ಮಾಂಜಿ ಮೀನು, ಐಸ್ ಹಾಕಿ.

"ನಿಂದೆಷ್ಟೋ ಅಷ್ಟೂ ಇತ್ತ್ ಇದ್ರಗೆ. ಡಬಲ್ಲೇ. ಕೇಸ್ ಮುಗೀತ್ ಅಂದ್ ಒಂದ್ ಸಹಿ ಹಾಕ್. ಉಳ್ದವ್ರ್ ಸುದ್ದಿಗ್ ಹೋಪುಕಾಗ. ಜಲಜಕ್ಕ, ನಾಳಿಂದ ನೀವ್ ದಕ್ಕಿಗ್ ಬನ್ನಿ, ಮೊದ್ಲಿನ್ ಹಾಂಗೆ."

ಕವರು ದಪ್ಪ ಇತ್ತು. ಆಸೆ ಆಯ್ತು. ಸುಳ್ಳು ಯಾಕೆ ಬರೀಲಿ. ಉಳಿದವರು ಅಂದರೆ ಯಾರು? ನನ್ನನ್ನು ನೋಡಿ ನಕ್ಕವರು. ಬಾಗಿಲು ಹಾಕಿಕೊಂಡವರು. ಅವರಿಗಾಗಿ ನಾನ್ಯಾಕೆ ಸಾಯಬೇಕು?

ಆದರೆ ಇವನಿಗೆ ಬೇಕಾದದ್ದೂ ಅದೇ. ಒಬ್ಬಳಿಗೆ ಕೊಟ್ಟು ಎಲ್ಲರದ್ದು ನುಂಗುವುದು.

"ಎಲ್ಲರ್ದೂ ತಕಂಡ್ ಬನ್ನಿ. ನಕ್ಕವ್ರದ್ದೂ. ಆಗ ಸಹಿ ಹಾಕ್ತೆ."

"ಕಾಣಿ ಜಲಜಕ್ಕ, ಕಾಣಿ ನಿಮ್ಮ್ ಮಗ್ಳ್ ಸೊಕ್ಕ್! ನೀವಾರೂ ಹೇಳಿ."

ಅಮ್ಮ ಒಲೆ ಹತ್ತಿರ ಇದ್ದಳು.   ಎದ್ದು ಬಂದು ಬಾಕ್ಸನ್ನು ಅವನ ಕಾಲ ಹತ್ತಿರ ತಳ್ಳಿದಳು. ಕೈಯಲ್ಲೇ, ಕಾಲಲ್ಲಲ್ಲ.

"ಮೀನ್ ತಕಂಡ್ ಹೋಗ್ ಲೀಲಾಧರ. ಐಸ್ ಕರ್ಗ್ತಾ ಇತ್ತ್."

ಅವನು ಹೋದ ಮೇಲೆ ಅಮ್ಮ ಹೇಳಿದ್ದು ಒಂದೇ ಮಾತು. ನನಗಿಂತ ಮೊದಲು ಶೆಡ್ಡಿನ ಟೇಬಲ್ಲಿನ ನನ್ನ ಜಾಗದಲ್ಲಿ ಕೂತು ಸುಲೀತಿದ್ದದ್ದು ಅವಳೇ ಅಲ್ವಾ. "ನಾನೂ ಮೀನ್ ತಕಂಡ್ ನೆಗ್ಯಾಡಿದ್ದೆ, ಹೆಣೆ."

ಜನವರಿ 13, ಸೋಮವಾರ, ಬೆಳಿಗ್ಗೆ

ಅಂಗಳದಲ್ಲಿ ಗಲಾಟೆ. ಹೊರಗೆ ಬಂದರೆ ಅಕ್ಕು ಚಿಕ್ಕಿ; ಮೊನ್ನೆ ಜಗಲಿಯಲ್ಲಿ ನಾನು ಅಂದದ್ದು ಪಕ್ಕದ ಮನೆಗೂ ಕೇಳಿತ್ತಂತೆ. ಹಿಂದೆ ಶೆಡ್ಡಿನ ಹೆಂಗಸರು, ಒಳ್ಳೆ ಸೀರೆ ಉಟ್ಟು.

"ಹ್ವಾಯ್, ಕುಂದಾಪುರದ್ ಬಸ್ಸ್ ಎಷ್ಟೊತ್ತಿಗೆ?"

"ನಾಚ್ಕಿ ಆತಿಲ್ಯಾ ಚಿಕ್ಕಿ ಈಗ?"

"ಆತ್ತ್. ನಾಚ್ಕಿ ಆಯ್ಕಂಡೇ ಬಪ್ದ್. ಬಾ ಸುಮ್ನೆ."

ಬೈಯಬೇಕು ಅಂತ ಎಷ್ಟೋ ಇತ್ತು. ಬಸ್ಸಲ್ಲಿ ಬೈತೇನೆ.

ಒಳಗೆ ಬಂದರೆ ಅಮ್ಮ ಬುಟ್ಟಿ ಕವುಚಿ ಹಾಕಿ ತಲೆ ಬಾಚ್ತಾ ಇದ್ದಾಳೆ. ನೀನೆಲ್ಲಿಗೆ ಅಂದೆ.

"ನಾನೂ ಬತ್ತೆ. ನನ್ ಹೆಸ್ರ್ ಬರ್ಸ್ಕಂತ್ರಾ ಕೇಂಬ."

ಅಷ್ಟು ಹಳೇದಕ್ಕೆ ಕಾನೂನು ಏನು ಹೇಳತ್ತೋ ಗೊತ್ತಿಲ್ಲ. ಇಲ್ಲ ಅಂದರೆ ಯಾಕಿಲ್ಲ ಅಂತ ಮೇಡಂ ಹತ್ರವೇ ಕೇಳ್ತೇನೆ. ಹಾರ್ನ್ ಕೇಳ್ತಾ ಇದೆ, ಅಮ್ಮ ಇನ್ನೂ ಸೆರಗಿಗೆ ಪಿನ್ ಹುಡುಕ್ತಿದ್ದಾಳೆ, ಚಿಕ್ಕಿ ರಸ್ತೆ ಮಧ್ಯ ನಿಂತು ಬಸ್ಸಿಗೆ ಎರಡೂ ಕೈ —