ನೇರಳೆ ಪಟ್ಟಿಯ ಗಂಟು

ಮಾರ್ಚ್ 3, ಸೋಮವಾರ

ಇವತ್ತೂ ಅದೇ ರಗಳೆ. ಸ್ಪಂಜು ಹಾಕುವ ಚೀಲದಲ್ಲಿ ಬಟ್ಟೆ, ಬಟ್ಟೆ ಹಾಕುವ ಚೀಲದಲ್ಲಿ ಟೀ ಕಪ್ಪು. ಶೂ ಫ್ಯಾಕ್ಟರಿಯಲ್ಲಿ ಕಸ ನೋಡಿಕೊಳ್ಳುವವಳು ಎಂದರೆ ಎಲ್ಲರಿಗೂ ಸಸಾರ. ತಪ್ಪು ಚೀಲಕ್ಕೆ ಹಾಕುವವರದ್ದಷ್ಟೇ ಅಲ್ಲ. ಸ್ಪಂಜಿಗೆ ಬಟ್ಟೆ ಅಂಟಿಸಿ, ಆಮೇಲೆ ಕತ್ತರಿಸುತ್ತಾರೆ. ಉಳಿದ ಚೂರು ಅತ್ತ ಸ್ಪಂಜೂ ಅಲ್ಲ, ಇತ್ತ ಬಟ್ಟೆಯೂ ಅಲ್ಲ. ಯಾರಿಗೆ ಬೇಕು? ಲಾರಿಗಟ್ಟಲೆ ಡಂಪಿಂಗ್ ಯಾರ್ಡಿನ ಗುಂಡಿಗೆ. ಆ ಲಾರಿ ಓಡಿಸುವವರು ನಮ್ಮ ಯಜಮಾನರೇ. ನಾನು ತುಂಬಿಸುವುದು, ಅವರು ಸುರಿಯುವುದು. ಒಳ್ಳೆ ಸಂಸಾರ.

ಮಾರ್ಚ್ 14, ಶುಕ್ರವಾರ

ಮೊದಲು ಕತ್ತರಿಸಿ, ಆಮೇಲೆ ಅಂಟಿಸಿ— ಹೇಳಿ ಹೇಳಿ ಗಂಟಲು ಒಣಗಿತ್ತು. ಮ್ಯಾನೇಜರ್ ಕೊನೆಗೂ ಒಪ್ಪಿದ. ಬೈಯುವಾಗಲೂ ನಗುತ್ತಾನೆ, ನಾವಿಟ್ಟ ಹೆಸರು ನಗುಮುಖ.

ಕಟಿಂಗ್ ವಿಭಾಗದ ಅಕ್ಕ ರೇಗಿದಳು. “ನಿನ್ನ ಕಸ ಉದ್ಧಾರ ಆಗ್ಲಿ ಅಂತ ನಮ್ಮ ಸೊಂಟ ಮುರ್ಕೋಬೇಕೇನೇ ತಾಯಿ?” ಬೈಯುತ್ತಲೇ ಮಾಡಿದಳು. ಶುದ್ಧ ಸ್ಪಂಜಿನ ಚೀಲಕ್ಕೆ ಗುರುತು ಬೇಕಲ್ಲ... ಹಳೆಯ ನೇರಳೆ ಅಸ್ತರನ್ನು ಪಟ್ಟಿ ಪಟ್ಟಿ ಕತ್ತರಿಸಿ ಬಾಯಿ ಕಟ್ಟಿದೆವು. ಗಂಟು ಅವಳದೇ. ಎರಡು ಸುತ್ತು, ಒಂದು ಕಿವಿ. ಕಿವಿ ಎಳೆದರೆ ಬಿಚ್ಚಿಕೊಳ್ಳುತ್ತದೆ. ಸಣ್ಣ ಹುಡುಗಿಯ ಹಾಗೆ ಖುಷಿಯಾಯಿತು.

ಏಪ್ರಿಲ್ 2, ಬುಧವಾರ

ಯಾರ್ಡಿನ ಲಾರಿ ನಿಂತಿತು. ಇನ್ನು ಎಲ್ಲವೂ ರೀಸೈಕಲ್ ಮಾಡುವವನ ಗೋಡೌನಿಗೆ. ಕ್ಯಾಂಟೀನ್ ಗೋಡೆಗೆ ಹೊಸ ಬೋರ್ಡು: ‘ಗುಂಡಿಗೆ ಹೋದ ಕಸ’. ಆಡಿಟ್ ಮುಗಿದ ದಿನ ಅದರ ಕೆಳಗೆ ಸೊನ್ನೆ ಬರೆಯುತ್ತಾರಂತೆ.

ಮನೆಗೆ ಬಂದರೆ ಇವರು ಲಾರಿ ಕೀ ವಾಪಸ್ ಕೊಟ್ಟು ಕೂತಿದ್ದಾರೆ. “ಗೆದ್ದೆಯಲ್ಲ, ಸ್ವೀಟ್ ಎಲ್ಲಿ?” ಎಂದರು. ನಗಿಸಲು ಹೇಳಿದ್ದು. ನನಗೆ ಅಳು ಬಂತು. ಗಂಡನ ಅನ್ನಕ್ಕೆ ನಾನೇ ಕಲ್ಲು ಹಾಕಿದೆ.

ಮೇ 19, ಸೋಮವಾರ

ನಗುಮುಖ ಕ್ಯಾಬಿನ್ನಿಗೆ ಕರೆದ. “ನಿಮ್ಮ ಯಜಮಾನ್ರಿಗೆ ಒಂದು ದಾರಿ ಮಾಡಿದೀನಿ ಮೇಡಂ. ಗೋಡೌನ್‌ನವ್ರಿಗೆ ಡ್ರೈವರ್ ಬೇಕಂತೆ.”

ಕೈಮುಗಿದೆ. ಇವನನ್ನು ಎಷ್ಟು ಆಡಿಕೊಂಡಿದ್ದೆ! ನಾಲಿಗೆ ಕಚ್ಚಿಕೊಂಡೆ. ಮನೆಯಲ್ಲಿ ಮತ್ತೆ ಇವರ ಸೀಟಿ ಕೇಳಿಸುತ್ತಿದೆ.

ಜೂನ್ 5, ಗುರುವಾರ, ಸಂಜೆ

ಇವರ ಊಟದ ಬ್ಯಾಗ್ ತೊಳೆಯಲು ಎತ್ತಿಕೊಂಡೆ. ಜಿಪ್ ಕಿತ್ತುಹೋಗಿದೆ, ಬಾಯಿಗೆ ಪಟ್ಟಿ ಕಟ್ಟಿದ್ದಾರೆ. ನೇರಳೆ ಅಸ್ತರು. ಎರಡು ಸುತ್ತು, ಒಂದು ಕಿವಿ.

“ಇದೆಲ್ಲಿ ಸಿಕ್ತು ರೀ?”

“ಯಾರ್ಡಲ್ಲಿ.”

“ಯಾವ ಯಾರ್ಡು?”

“ಇರೋದೊಂದೇ ಅಲ್ವಾ? ಮೊದ್ಲು ನಿಮ್ಮ ಗೇಟಿಂದ ನೇರ ಹೋಗ್ತಿದ್ದೆ. ಈಗ ಗೋಡೌನ್ ಸುತ್ಕೊಂಡು ಹೋಗ್ತೀನಿ. ಸ್ಪಂಜ್ ಕೊಳ್ಳೋರೇ ಇಲ್ವಂತೆ. ಚೀಲ ಮಾತ್ರ ವಾಪಸ್ ಬೇಕಂತೆ, ಬಿಚ್ಚಿ ಸುರೀತೀನಿ.”

“ನಂಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀನು ಸುಮ್ನಿರ್ತಿದ್ಯಾ?”

ಇರುತ್ತಿರಲಿಲ್ಲ. ಅದು ನಗುಮುಖನಿಗೂ ಗೊತ್ತು. ಅದಕ್ಕೇ ದಾರಿ ಮಾಡಿದ್ದು. ನನ್ನ ಬಾಯಿಗೆ ಬೀಗ, ಅದಕ್ಕೆ ನನ್ನ ಗಂಡನೇ ಕೀಲಿ. ಇಂಥವನಿಗೆ ನಾನು ಕೈಮುಗಿದಿದ್ದೆ!

ಜೂನ್ 6, ಶುಕ್ರವಾರ

ನಗುಮುಖನ ಮೇಜಿನ ಮೇಲೆ ಆ ಪಟ್ಟಿ ಇಟ್ಟೆ. ಗುರುತು ಹಿಡಿದ. ನಕ್ಕ.

“ನಮ್ಮ ಗೇಟ್ ದಾಟಿದ್ಮೇಲೆ ಅದು ನಮ್ಮ ಕಸ ಅಲ್ಲ ಮೇಡಂ. ಬುಧವಾರ ಆಡಿಟರ್ ಬರ್ತಾರೆ, ರೆಡಿ ಇರಿ. ಅಂದ ಹಾಗೆ, ಯಜಮಾನ್ರು ಆರಾಮಾ? ಕೆಲಸ ಒಗ್ಗಿದೆಯಾ?”

ಪಟ್ಟಿ ಎತ್ತಿಕೊಂಡು ಬಂದೆ. ಅಕ್ಕ ಚೀಲ ಕಟ್ಟುತ್ತಿದ್ದಳು. “ಏನೇ, ಮುಖ ಊದಿದೆ?” ಎಂದಳು. ತಲೆನೋವು ಎಂದೆ. ಅವಳ ಸೊಂಟದ ಲೆಕ್ಕ ಯಾರು ಕೊಡುತ್ತಾರೆ?

ಜೂನ್ 11, ಬುಧವಾರ

ಆಡಿಟರ್ ಮೇಡಂ ಒಳ್ಳೆಯವರು. ಚೀಲ ಬಿಚ್ಚಿ ನೋಡಿದರು, ಅಕ್ಕನ ಬೆನ್ನು ತಟ್ಟಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು, “ಇಲ್ಲಿಂದ ಎಲ್ಲಿಗೆ ಹೋಗುತ್ತೆ ಇದು?”

ನಗುಮುಖ ನಗುತ್ತಲೇ ಇದ್ದ. ನಿಜ ನಾಲಿಗೆಯ ತುದಿಗೆ ಬಂದಿತ್ತು. ಅಲ್ಲೇ ಎದುರಿಗೆ ಇವರು ಲಾರಿಗೆ ಚೀಲ ಏರಿಸುತ್ತಿದ್ದರು... “ಡ್ರೈವರ್ ಇಲ್ಲೇ ಇದಾರೆ ಮೇಡಂ, ಅವ್ರನ್ನೇ ಕೇಳಿ” ಎಂದುಬಿಟ್ಟೆ. ಡ್ರೈವರ್ ಎಂದೆ. ನನ್ನ ಗಂಡ ಎನ್ನಲಿಲ್ಲ.

ಇವರು ಚೀಲ ಇಳಿಸಿ ನನ್ನ ಮುಖ ನೋಡಿದರು. “ಗೋಡೌನಿಗೆ ಮೇಡಂ. ಆಮೇಲಿಂದು ನಂಗೊತ್ತಿಲ್ಲ.”

ಮದುವೆಯಾದಾಗಿನಿಂದ ಇವರ ಬಾಯಲ್ಲಿ ಸುಳ್ಳು ಕೇಳಿದವಳಲ್ಲ. ಇವತ್ತು ನನ್ನನ್ನು ಉಳಿಸಲು ಹೇಳಿದರು. ಹೇಳಿಸಿದವಳು ನಾನು.

ಸೊನ್ನೆ ಬರೆಯಲು ನನ್ನನ್ನೇ ಕರೆದರು. ಬರೆದೆ. ದುಂಡಗೆ ಬಂತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಅಕ್ಕ.

ಇವರು ಈಗ ಬಂದರು. ಬಾಗಿಲಲ್ಲಿ ಬೂಟು ಬಿಚ್ಚುತ್ತಿದ್ದಾರೆ. ಸೀಟಿ ಇಲ್ಲ. ಏನಾದರೂ ಮಾತಾಡಬೇಕು. ಕೈಕಾಲು ತೊಳ್ಕೊಳ್ಳಿ, ಊಟಕ್ಕೆ ಬನ್ನಿ ಅಂತಾದರೂ—