ಹೆಸರಿನ ಕೆಳಗೆ ಹೆರೆದ ಸಾಲು

ಹೆಸರುಗೋಡೆ, ಕಪ್ಪತಗುಡ್ಡ
೨೩೧೪ನೆಯ ಇಸವಿ, ಗಾಳಿಮಾಸದ ಅರವತ್ತೊಂದನೆಯ ದಿನ, ಬುಧವಾರ

ಮೊದಲ ಕಲ್ಲು ನಿಲ್ಲಿಸಲಿರುವ ಹಿರಿಯರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ತಿಂಗಳುಗಳು ನಾಲ್ಕೇ; ಗಾಳಿ ಬೀಸುವಷ್ಟು ದಿನವೂ ಒಂದೇ ತಿಂಗಳು. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಹಿಂದಿನ ಕಾಲದವರಿಗೆ ಕಾಗದ ಮುಟ್ಟಿಸುವ ಏರ್ಪಾಡಿಗೆ ಇಲ್ಲಿ ಹಿಂದಂಚೆ ಎನ್ನುತ್ತೇವೆ. ಒಬ್ಬರಿಗೆ ಜನ್ಮಕ್ಕೊಂದೇ ಕಾಗದ. ಹೆಚ್ಚಿನವರು ಮುತ್ತಜ್ಜಿಗೆ ಬರೆದು ಚಟ್ನಿಪುಡಿಯ ಹದ ಕೇಳುತ್ತಾರೆ, ಉತ್ತರ ಬರುವುದಿಲ್ಲವೆಂದು ಗೊತ್ತಿದ್ದರೂ ಕೇಳುತ್ತಾರೆ. ನಾನು ಗುರುತು ಪರಿಚಯವಿಲ್ಲದ ನಿಮಗೆ ಬರೆಯುತ್ತಿದ್ದೇನೆ, ಏಕೆಂದರೆ ನನಗೆ ಬಹಳ ಹೆದರಿಕೆಯಾಗಿದೆ.

ನಾನು ಹುಲಿಗೆಮ್ಮ. ಕಲ್ಲಿನಲ್ಲಿ ಹೆಸರು ಕೊರೆಯುವುದು ನನ್ನ ಕಸುಬು. ಈ ಗುಡ್ಡದ ತುಂಬ ಗಾಳಿಕಂಬಗಳಿವೆ, ನಿಮ್ಮ ಕಾಲದವಕ್ಕಿಂತ ಐದು ಪಟ್ಟು ಎತ್ತರ. ಅವನ್ನು ಹತ್ತಿ ರೆಕ್ಕೆ ಒರೆಸಿ, ಎಣ್ಣೆ ಬಿಟ್ಟು, ನಟ್ಟು ಬಿಗಿಯುವವರಿಗೆ ಏರಾಳುಗಳು ಎನ್ನುತ್ತೇವೆ. ರೊಟ್ಟಿ, ಕೆಂಪು ಖಾರ ಸೊಂಟಕ್ಕೆ ಕಟ್ಟಿಕೊಂಡು ಹತ್ತುತ್ತಾರೆ. ಉಣ್ಣುವಾಗ ತುತ್ತು ಹಾರಿಹೋದರೆ ಗಾಳಿಗೆ ಹಸಿವಾಗಿದೆ ಎಂದು ನಗುತ್ತಾರೆ. ಕಂಬದಿಂದ ಬಿದ್ದು ಸತ್ತವರ, ಊನವಾದವರ ಹೆಸರುಗಳು ಈ ಗೋಡೆಯ ಮೇಲಿವೆ.

ಸತ್ತ ಮೇಲೆ ಶಾಲು ಹೊದಿಸಿದರೆ ಅವರಿಗೇನು ಸುಖ ಎಂದು ಯಾರೋ ಒಳ್ಳೆಯ ಮನಸ್ಸಿನವರು ಹಿಂದೊಮ್ಮೆ ಕೇಳಿದರಂತೆ. ಅಂದಿನಿಂದ ಮುಂಗೌರವ ಶುರುವಾಯಿತು. ಈ ವರ್ಷ ಯಾವ ಕಂಬದಿಂದ ಯಾರು ಬೀಳಬಹುದೆಂದು ಒಂದು ಯಂತ್ರ ಅಂದಾಜು ಮಾಡಿ ಪಟ್ಟಿ ಕೊಡುತ್ತದೆ. ಪಟ್ಟಿಯಲ್ಲಿದ್ದವರಿಗೆ ಬದುಕಿರುವಾಗಲೇ ಸನ್ಮಾನ: ಮಾದಲಿ ಊಟ, ಡೊಳ್ಳು, ಭಾಷಣ, ಗೋಡೆಯ ಮೇಲೆ ಕಲ್ಲು. ಏಕೆ ಬೀಳುತ್ತಾರೆಂಬುದನ್ನೂ ಯಂತ್ರ ಹೇಳುತ್ತದೆ, ಆದರೆ ಆ ಪುಟವನ್ನು ಯಾರೂ ತೆರೆಯುವುದಿಲ್ಲ. ಶಾಲು ಹೊದಿಸಿದರೆ ಊರಿನ ಜವಾಬ್ದಾರಿ ಮುಗಿಯಿತೆಂದೇ ನಮ್ಮವರ ತಿಳಿವಳಿಕೆ. ಸನ್ಮಾನವಾದ ಮೇಲೆ ಕಂಬ ಹತ್ತದೆ ಉಳಿದವರನ್ನು ಶಾಲುಗಳ್ಳರು ಎನ್ನುತ್ತಾರೆ. ಅವರ ಮನೆಯೊಂದಿಗೆ ಯಾರೂ ಸಂಬಂಧ ಬೆಳೆಸುವುದಿಲ್ಲ.

ಈ ಸಲದ ಪಟ್ಟಿಯಲ್ಲಿ ನನ್ನ ತಂಗಿ ಗುರುಬಸವ್ವನ ಹೆಸರಿದೆ. ನಲವತ್ತೇಳನೆಯ ಕಂಬ. ಅದರ ಮೂರನೆಯ ಅಟ್ಟದಲ್ಲಿ ಹಗ್ಗ ಸಿಕ್ಕಿಸುವ ಕೊಂಡಿ ಸವೆದಿದೆ. ಅವಳಿಗೂ ಗೊತ್ತು, ನನಗೂ ಗೊತ್ತು. ಶುಕ್ರವಾರ ಸನ್ಮಾನ. ಶನಿವಾರ ಬೆಳಿಗ್ಗೆ ಅವಳ ಪಾಳಿ.

“ಯಕ್ಕಾ, ನನ್ನ ಹೆಸರ ಒಂಚೂರು ದೊಡ್ಡದಾಗಿ ಕೊರಿ. ದೂರಿಂದ ಓದಾಕ ಬರಬೇಕು,” ಎಂದಳು. ಕೊಂಡಿ ಬದಲಿಸುವ ತನಕ ಹತ್ತಬೇಡವೆಂದು ಅವಳ ಕೈ ಹಿಡಿದುಕೊಂಡೆ. “ಶಾಲು ಹೊದ್ದು ಮನ್ಯಾಗ ಕುಂದರಲೇನು? ಅವ್ವ ಊರಾಗ ಮುಖ ಹೆಂಗ ತೋರಸಬೇಕು?” ಎಂದು ಕೊಸರಿಕೊಂಡಳು. ಮುಖದಲ್ಲಿ ನಗುವಿತ್ತು. ಆದರೆ ಎದ್ದು ಹೋಗುವಾಗ ಸೊಂಟದ ಹಗ್ಗದ ಗಂಟನ್ನು ಎರಡೆರಡು ಸಲ ಎಳೆದು ನೋಡಿಕೊಂಡಳು.

ಕೊಂಡಿ ಬದಲಿಸಿರೆಂದು ಗೌರವ ಕಚೇರಿಗೆ ಹೋದೆ. ಅಲ್ಲಿನ ಹಿರಿಯರು ನನ್ನನ್ನು ಕೂರಿಸಿ, ನೀರು ಕೊಟ್ಟು, “ತಂಗೆವ್ವಾ, ಕೊಂಡಿ ಹಾಕಿದರ ಆಕಿ ಹೆಸರು ಪಟ್ಟಿಯಿಂದ ಹೋಗತೈತಿ. ಇಷ್ಟು ದೊಡ್ಡ ಮರ್ಯಾದಿ ತಪ್ಪಸ್ತಿ ಏನು?” ಎಂದರು. ನನಗಾಗಿ ನಿಜವಾಗಿಯೂ ಮರುಗಿದರು. ಅವರು ಬೈದಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ.

ಅಲ್ಲಿಂದ ನೇರವಾಗಿ ಗೋಡೆಯ ಬುಡಕ್ಕೆ ಬಂದೆ. ಎಲ್ಲಕ್ಕಿಂತ ಕೆಳಗಿರುವುದು ನಿಮ್ಮ ಕಲ್ಲು. ಅದರಲ್ಲಿ ಕಾಶೀಮಸಾಬ ಎಂಬ ಹೆಸರಿದೆ, ಹೆಸರಿನ ಕೆಳಗೆ ಗೇಣುದ್ದ ತಗ್ಗಿದೆ. ಉಳಿ ಹಿಡಿದ ಕೈಗೆ ಇದು ತಿಳಿಯುತ್ತದೆ: ಅಲ್ಲೊಂದು ಸಾಲು ಕೊರೆದು ಆಮೇಲೆ ಹೆರೆದು ಹಾಕಿದ್ದೀರಿ. ಬೆರಳಾಡಿಸಿದರೆ ‘ಹಗ್ಗ’ ಎಂಬುದಷ್ಟೇ ಸಿಗುತ್ತದೆ. ಸಮಾರಂಭದ ದಿನ ಯಾರಿಗೂ ಮುಜುಗರವಾಗದಿರಲಿ ಎಂದುಕೊಂಡಿರಬಹುದು. ನೀವು ಕೆಟ್ಟವರೆಂದು ನನಗನಿಸುವುದಿಲ್ಲ. ಆದರೆ ಆಮೇಲಿನ ಕಲ್ಲುಗಳೆಲ್ಲ ನಿಮ್ಮ ಕಲ್ಲನ್ನೇ ನೋಡಿ ಆದವು: ಹೆಸರು, ಊರು, ಒಂದು ಹೂವು. ಸತ್ತದ್ದು ಹೇಗೆಂದು ಓದಲು ಸಿಗದ ಮಕ್ಕಳು, ಬೀಳುವುದೂ ಕಂಬದ ಕೆಲಸವೇ ಎಂದುಕೊಂಡು ಬೆಳೆದರು. ಬಸವ್ವನೂ ನಾನೂ ಹಾಗೆಯೇ ಬೆಳೆದೆವು.

ನಿಮ್ಮ ಕಾಲಿಗೆ ಬೀಳುತ್ತೇನೆ, ಆ ಸಾಲು ಹೆರೆಯಬೇಡಿ. ಕಾಶೀಮಸಾಬನಿಗೆ ಹೂ ಹಾಕಿ, ಎಲ್ಲರೂ ಎದ್ದು ನಿಲ್ಲಿ, ಅವನ ಹೆಂಡತಿಯನ್ನು ಮುಂದಿನ ಸಾಲಿನಲ್ಲಿ ಕೂರಿಸಿ. ಆದರೆ ಹಗ್ಗ ಹೇಗಿತ್ತು, ಯಾರಿಗೆ ಮೊದಲೇ ಗೊತ್ತಿತ್ತು ಎಂಬುದು ಕಲ್ಲಿನ ಮೇಲಿರಲಿ. ಬಂದವರಿಗೆ ಮುಜುಗರವಾದರೆ ಆಗಲಿ.

ತಂಗಿಯ ಹೆಸರಿನ ಕೆಳಗೆ ನಾನು ‘ಮೂರನೆಯ ಅಟ್ಟದ ಕೊಂಡಿ ಸವೆದಿದೆ’ ಎಂದು ಕೊರೆದು ಬಟ್ಟೆ ಮುಚ್ಚಿದ್ದೇನೆ. ಶುಕ್ರವಾರ ಬಟ್ಟೆ ಸರಿಸಿದಾಗ ಊರವರು ಓದುತ್ತಾರೋ, ಆ ಸಾಲನ್ನು ಹೆರೆಯಲು ನನ್ನ ಕೈಗೇ ಉಳಿ ಕೊಡುತ್ತಾರೋ ಗೊತ್ತಿಲ್ಲ.

ಕಾಗದವನ್ನು ಈಗಲೇ ಹಾಕುತ್ತೇನೆ. ಇದು ನಿಮಗೆ ಮುಟ್ಟಿ, ನೀವು ಒಪ್ಪಿದರೆ, ನಿಮ್ಮ ಕಲ್ಲಿನ ತಗ್ಗು ತುಂಬಿ ಅಕ್ಷರ ಮೂಡಬೇಕು. ದಿನಾ ಎದ್ದ ಕೂಡಲೇ ಹೋಗಿ ಬೆರಳಾಡಿಸಿ ನೋಡುತ್ತೇನೆ. ಬಸವ್ವ ಕಂಬ ಹತ್ತುವ ಮೊದಲು ಇನ್ನು ಎರಡು ಬೆಳಗುಗಳಿವೆ.

ಇತಿ,
ಹುಲಿಗೆಮ್ಮ, ಹೆಸರು ಕೊರೆಯುವವಳು